ದೀಪದ ಪಕ್ಕದಿಂದ ಇಳಿದ ಚಿತ್ರಪುಸ್ತಕ

ಪೆರ್ಲದ ಹತ್ತಿರದ ನಮ್ಮ ಕೊರಗ ಕಾಲನಿಯಲ್ಲಿ ಕಾಡುಬಳ್ಳಿಯಿಂದ ಕುಕ್ಕೆ, ಬುಟ್ಟಿ ಹೆಣೆಯುವವರಿಗೆಲ್ಲ ಒಂದೇ ತಲೆನೋವು. ಬಳ್ಳಿ ಇಲ್ಲ. ಕಾಡಿದ್ದ ಗುಡ್ಡೆಯಲ್ಲೆಲ್ಲ ಈಗ ರಬ್ಬರು. ಹತ್ತಿರದಲ್ಲಿ ಉಳಿದದ್ದು ದೈವದ ಬನವೊಂದೇ. ಬಳ್ಳಿ ಸಿಕ್ಕಿದರೆ ಅದರ ಅಂಚಿನಲ್ಲೇ ಸಿಗಬೇಕು.

೨೦೧೭ರ ಮಳೆಗಾಲದಲ್ಲಿ ಅಂಗನವಾಡಿ ಟೀಚರ್ ಸುಪ್ರೀತಾ ಮನೆಮನೆಗೆ ಒಂದೊಂದು ಚಿತ್ರಪುಸ್ತಕ ತಂದಳು. ಅವಳೂ ಇದೇ ಕಾಲನಿಯವಳು. ನಮ್ಮ ಹಿರಿಯರು ಹೇಳಿದ್ದನ್ನು ಅವಳು ಬರೆದುಕೊಂಡಿದ್ದಳು, ನಮ್ಮ ಹುಡುಗಿಯರೇ ಚಿತ್ರ ಬಿಡಿಸಿದ್ದರು. ನಮ್ಮ ಪಕ್ಕದ ಮನೆಯ ಕಿನ್ನಿಯಜ್ಜಿಯೂ ಕಾಡಿನ ಸುದ್ದಿ ತುಂಬ ಹೇಳಿದ್ದರು. ಈಗ ಒಂದೊಂದೇ ಪುಟ ಮಗುಚಿದರು. ಡೋಲು, ಕುಕ್ಕೆ, ಬನ, ಬನದೊಳಗಿನ ದೈವದ ಕಲ್ಲು. ಅಜ್ಜಿಯ ಮೈ ಜುಮ್ಮೆಂದಿತು.

“ಇದು ನಾವೇ ಅಲ್ವಾ ಮಗಾ? ಅಚ್ಚಾದ ಪುಸ್ತಕದಲ್ಲಿ ನಾವು!”

ಸುಳ್ಳು ಯಾಕೆ ಹೇಳಲಿ, ಪಕ್ಕದಲ್ಲಿ ಕೂತಿದ್ದ ನಾನೂ ಆ ಡೋಲಿನ ಚಿತ್ರವನ್ನು ಮುಟ್ಟಿ ಮುಟ್ಟಿ ನೋಡಿದೆ. ಅಜ್ಜಿ ಕಣ್ಣೊರೆಸಿಕೊಂಡು ಪುಸ್ತಕವನ್ನು ದೀಪದ ಪಕ್ಕ, ಎತ್ತರದ ಹಲಗೆಯ ಮೇಲಿಟ್ಟರು. ಅದರ ಮೇಲೊಂದು ಕೇಪಳ ಹೂವನ್ನೂ ಇಟ್ಟರು.

“ಅಜ್ಜೀ, ಅದು ದೀಕ್ಷಿತಾಳಿಗೆ ತಂದದ್ದು,” ಎಂದಳು ಸುಪ್ರೀತಾ.

“ಅವಳ ಕೈಗಾ? ಇಡೀ ದಿನ ಮಣ್ಣಲ್ಲಿ ಇರ್ತಾಳೆ. ಇದರಲ್ಲಿ ದೈವದ ಕಲ್ಲು ಉಂಟು ಮಾರಾಯ್ತಿ. ಹರಿದರೆ ಎಂತ ಮಾಡುವುದು?”

“ಹರಿದರೆ ಅಂಟಿಸುವ. ಮಗು ನೋಡದೇ ಇದ್ದರೆ ಎಂತ ಮಾಡುವುದು?”

ಅಜ್ಜಿಯ ಹಟ ಗೊತ್ತಿದ್ದವರು ಹೆಚ್ಚು ವಾದ ಮಾಡುವುದಿಲ್ಲ. ಐದು ವರ್ಷದ ಮೊಮ್ಮಗಳು ದೀಕ್ಷಿತಾ ಕತ್ತೆತ್ತಿ ಹಲಗೆಗೆ ಕೈಮುಗಿದು ಆಡಲು ಓಡಿದಳು.

ಸ್ವಲ್ಪ ದಿನ ಕಳೆಯಿತು. ಸುಪ್ರೀತಾ ಅಜ್ಜಿಯ ಜಗಲಿಯಲ್ಲಿ ಕೂತಿದ್ದಾಗ ದೀಕ್ಷಿತಾ ಏದುಸಿರು ಬಿಡುತ್ತಾ ಬಂದಳು. ಹೆಗಲ ಮೇಲೆ ಹಸಿ ಬಳ್ಳಿ, ಅದರ ತುದಿಯಲ್ಲಿ ಮಣ್ಣು ಮೆತ್ತಿದ ಬೇರು.

“ಅಜ್ಜೀ, ನಿನ್ನ ಕುಕ್ಕೆಗೆ! ನಾನೊಬ್ಬಳೇ ಎಳೆದದ್ದು!”

ಅಜ್ಜಿ ಕೂತಲ್ಲೇ ಬಳ್ಳಿಯನ್ನು ಕೈಗೆ ತೆಗೆದುಕೊಂಡು ಬೇರು ನೋಡಿದರು. ಬನದ ಅಂಚಿನಲ್ಲಿ ಆ ವರ್ಷ ಚಿಗುರಿದ್ದ ಎಳೆ ಬಳ್ಳಿ ಅದು. ಬಲಿಯಲಿ ಎಂದು ಅವರು ಕಾದುಕೊಂಡಿದ್ದರು.

“ಬೇರು ಕೀಳ್ತಾರಾ? ಬುಡ ಬಿಟ್ಟು ಕೊಯ್ಯಬೇಕು ಅಂತ ಗೊತ್ತಿಲ್ವಾ ನಿಂಗೆ?”

ಮಗುವಿನ ಮುಖ ಸಣ್ಣದಾಯಿತು. “ನಂಗೆ ಯಾರೂ ಹೇಳ್ಲಿಲ್ಲ.”

ಸುಪ್ರೀತಾ ಹಲಗೆಯ ಕಡೆ ನೋಡಿದಳು. ಬುಡ ಬಿಟ್ಟು ಬಳ್ಳಿ ಕೊಯ್ಯುವ ಚಿತ್ರ ಆ ಪುಸ್ತಕದಲ್ಲೇ ಇತ್ತು. ಹೇಳಿ ಬರೆಸಿದವರು ಇದೇ ಕಿನ್ನಿಯಜ್ಜಿ!

ಅಜ್ಜಿ ಎದ್ದು ಪುಸ್ತಕ ಇಳಿಸಿದರು. “ಬಾ ಮಗಾ, ತೊಡೆಯಲ್ಲಿ ಕೂತ್ಕೋ.”

ದೀಕ್ಷಿತಾ ಪುಟ ತೆರೆದಳು. ಕೊಯ್ದ ಬುಡದಲ್ಲಿ ಪುನಃ ಚಿಗುರು, ಮೇಲೆ ಹಕ್ಕಿ, ಪಕ್ಕದಲ್ಲಿ ಕತ್ತಿ ಹಿಡಿದ ಅಜ್ಜಿಯೊಬ್ಬಳು. ಮಗು ಬಾಯಿ ತೆರೆದು ಚಿತ್ರ ನೋಡಿತು, ಆಮೇಲೆ ಅಜ್ಜಿಯ ಮುಖ ನೋಡಿತು.

“ಇದು ನೀನಾ? ಇಷ್ಟೆಲ್ಲ ನಿಂಗೆ ಗೊತ್ತುಂಟಾ?”

ಅಜ್ಜಿ ಅವಳ ಬೆರಳು ಹಿಡಿದು ಚಿತ್ರದ ಬುಡದ ಮೇಲಿಟ್ಟರು. ಸಂಜೆ ಇಬ್ಬರೂ ಹೋಗಿ ಆ ಬೇರನ್ನು ಬನದ ಅಂಚಿನಲ್ಲೇ ನೆಟ್ಟರು. ಅದು ಹಿಡಿಯಲಿಲ್ಲ, ಒಣಗಿಹೋಯಿತು.

ಅಕ್ಕತಂಗಿಯರೇ, ನಿಮ್ಮ ಮನೆಗೂ ಇಂಥ ಪುಸ್ತಕ ಬಂದಿರಬಹುದು. ಇವತ್ತೇ ಮಕ್ಕಳ ಕೈಗೆ ಕೊಡಿ. ಓದಲು ಬಾರದಿದ್ದರೆ ಚಿತ್ರ ತೋರಿಸಿ, ಮನೆಯ ಮಾತಿನಲ್ಲೇ ಹೇಳಿ. ಪುಸ್ತಕ ಹರಿದರೆ ಅಂಗನವಾಡಿಯಲ್ಲಿ ಇನ್ನೊಂದು ಕೇಳಿ. ಬೇರು ಕಿತ್ತ ಬಳ್ಳಿಯನ್ನು ಯಾರಲ್ಲಿ ಕೇಳುತ್ತೀರಿ?