ಬಾರದ ಬಿಳಿ ಪದರ

ನಾನು ಒಂದು ಸೆಂಟ್ರಿಫ್ಯೂಜ್. ಹೆಸರು ದೊಡ್ಡದು, ಕೆಲಸ ಬರೀ ತಿರುಗುವುದು. ಗಾಜಿನ ನಳಿಕೆಗಳಲ್ಲಿ ಏನನ್ನಾದರೂ ತುಂಬಿ ನನ್ನ ಹೊಟ್ಟೆಗಿಳಿಸಿ ಮುಚ್ಚಳ ಹಾಕಿದರೆ, ಗಿರಗಿರನೆ ತಿರುಗಿಸಿ ಭಾರವಾದದ್ದನ್ನು ತಳಕ್ಕೆ, ಹಗುರಾದದ್ದನ್ನು ಮೇಲಕ್ಕೆ ಬೇರ್ಪಡಿಸಿ ಕೊಡುತ್ತೇನೆ. ಹುಟ್ಟಿದ್ದು ಅಂಬಾಲಾದ ಒಂದು ಶೆಡ್ಡಿನಲ್ಲಿ. ಒಣಹುಲ್ಲು ತುಂಬಿದ ಪೆಟ್ಟಿಗೆಯಲ್ಲಿ ಮಲಗಿಸಿ ರೈಲು ಹತ್ತಿಸಿದರು. ಹುಬ್ಬಳ್ಳಿಯಲ್ಲಿ ಇಳಿಸಿ, ಟೆಂಪೋದಲ್ಲಿ ಒಂದು ವಿಶ್ವವಿದ್ಯಾಲಯಕ್ಕೆ ತಂದರು. ಅದರ ಹೆಸರು ಬೇಡ, ಮರ್ಯಾದೆಯ ಪ್ರಶ್ನೆ.

ಮೊದಲು ಹೈನು ವಿಜ್ಞಾನದವರಿಗಾಗಿ ಹಾಲು ತಿರುಗಿಸಿದೆ. ಆಮೇಲೆ ವೈದ್ಯ ವಿಭಾಗದವರಿಗಾಗಿ ರಕ್ತ. ಮಣ್ಣಿನ ವಿಭಾಗದವರು ಎರವಲು ಒಯ್ದು ಕೆಸರು ಕುಡಿಸಿ, ತೊಳೆಯದೆಯೇ ಮರಳಿಸಿದರು. ಯಾವ ಶಾಸ್ತ್ರವಾದರೇನು, ತಿರುಗುವವನಿಗೆ ಎಲ್ಲ ಒಂದೇ. ಸಸ್ಯಶಾಸ್ತ್ರದವರ ಪಾಲಿಗೆ ಬರುವ ಹೊತ್ತಿಗೆ ನನ್ನ ಬಣ್ಣ ಹೋಗಿತ್ತು, ಮುಚ್ಚಳದ ಬಿಜಾಗರಿ ಸಡಿಲಾಗಿತ್ತು. ಮೋಟಾರು ಮಾತ್ರ ಗಟ್ಟಿ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ.

ಅಲ್ಲಿ ಡಾ. ಹಂಚಿನಾಳ ಎಂಬ ಪ್ರಾಧ್ಯಾಪಕರಿದ್ದರು. ಲಕ್ಕಿ ಸೊಪ್ಪಿನ ರಸ ತಿರುಗಿಸಿದರೆ ಹಸಿರು ಗಸಿಯ ಮೇಲೆ ತೆಳ್ಳಗೆ ಒಂದು ಬಿಳಿ ಪದರ ಕೂರುತ್ತದೆ, ಅದರಲ್ಲಿ ಬೆಳೆಯ ಬೂಷ್ಟು ರೋಗಕ್ಕೆ ಮದ್ದಿದೆ ಎಂದು ಬರೆದು ಹೆಸರು ಮಾಡಿದ್ದರು. ಆ ಪದರವನ್ನು ತೆಗೆದು ಪರೀಕ್ಷಿಸುವುದೇ ಅವರ ಶಿಷ್ಯೆ ಅನ್ನಪೂರ್ಣಾ ಕಮ್ಮಾರಳ ಪಿಎಚ್‌.ಡಿ. ಕೆಲಸ.

ಅವಳು ಸೊಪ್ಪು ಅರೆದು, ಸೋಸಿ, ನಳಿಕೆಗೆ ತುಂಬುವಳು. ನಾನು ತಿರುಗುವಷ್ಟು ಹೊತ್ತೂ ಮುಚ್ಚಳದ ಮೇಲೆ ಅಂಗೈ ಇಟ್ಟು ನಿಲ್ಲುವಳು. ಆ ಕೈ ನನಗೆ ಇಷ್ಟವಾಗಿತ್ತು. ನನ್ನ ತಿರುಗಾಟ ನಿಂತ ಮೇಲೆ ನಳಿಕೆಯನ್ನು ಬೆಳಕಿಗೆ ಹಿಡಿಯುವಳು. ಹಸಿರು ಇರುತ್ತಿತ್ತು, ಬಿಳಿ ಇರುತ್ತಿರಲಿಲ್ಲ. ಬೇರೆ ಊರಿನ ಸೊಪ್ಪು ತಂದಳು, ಬೇರೆ ಋತುವಿನಲ್ಲಿ ನೋಡಿದಳು. ಇಲ್ಲದ್ದು ಎಲ್ಲಿಂದ ಬರಬೇಕು? ನನಗೂ ಸುಸ್ತಾಗಿತ್ತು, ಅವಳಿಗೂ.

"ಸರ್, ಅಂಥಾ ಪದರನ ಇಲ್ಲ ಅನಸ್ತೈತ್ರಿ," ಎಂದಳು ಕೊನೆಗೆ.

"ಹಂಗಾರ ನಾ ಬರದದ್ದು ಸುಳ್ಳೇನು?" ಪ್ರಾಧ್ಯಾಪಕರು ನನ್ನತ್ತ ಕೈ ತೋರಿಸಿದರು. "ಈ ಮುದಿ ಮಷೀನಿಗೆ ಸ್ಪೀಡ್ ಸಾಲೂದಿಲ್ಲ. ಹಂಗಂತ ಬರದು ಥೀಸಿಸ್ ಮುಗಸು. ನಾ ಸಹಿ ಹಾಕತೀನಿ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇಲ್ಲಿ ಡೊಂಕೆನಿಸಿಕೊಂಡ ನೆಲ ನಾನು.

ಅನ್ನಪೂರ್ಣಾ ನನ್ನೆದುರು ಬಹಳ ಹೊತ್ತು ನಿಂತಿದ್ದಳು. ನಾನು ಕೆಟ್ಟಿದ್ದೇನೆಂದು ಬರೆದರೆ ಅವಳು ಡಾಕ್ಟರು. ಕಂಡದ್ದನ್ನು ಬರೆದರೆ ಇಷ್ಟು ವರ್ಷದ ಓದು ನೀರಿನಲ್ಲಿ ಹೋಮ. ನಾನು ಕೆಟ್ಟಿದ್ದೇನೆಂದೇ ಬರೆದಳು. ನನಗೆ ನೋವಾಯಿತು. ಸಿಟ್ಟು ಬರಲಿಲ್ಲ, ಸಿಟ್ಟಿಗೂ ತ್ರಾಣ ಬೇಕು.

ನನ್ನನ್ನು ಹಿಂದಿನ ವರಾಂಡಕ್ಕೆ ಹಾಕಿದರು. ಮುರಿದ ಸ್ಟೂಲುಗಳು, ಒಂದು ಕೈಯಿಲ್ಲದ ಅಸ್ಥಿಪಂಜರ, ನಾನು. ಅನ್ನಪೂರ್ಣಾ ಅದೇ ವಿಭಾಗದಲ್ಲಿ ಮೇಡಂ ಆದಳು. ಹಂಚಿನಾಳರು ಹಾರ ಹಾಕಿಸಿಕೊಂಡು ನಿವೃತ್ತರಾದರು. ಬಹಳ ದಿನದ ಮೇಲೆ ಹೊಸ ಯಂತ್ರವೂ ಬಂತು, ಗುಂಡಿ ಒತ್ತಿದರೆ ಕೆಂಪು ಅಂಕಿ ಬೆಳಗುವಂಥದ್ದು. ಅದರಲ್ಲಿ ಅದೇ ಸೊಪ್ಪಿನ ರಸ ತಿರುಗಿಸುವ ಕೆಲಸ ಫರ್ಜಾನಾ ಎಂಬ ಹೊಸ ವಿದ್ಯಾರ್ಥಿನಿಗೆ ಬಿತ್ತು.

ಕಿಟಕಿ ತೆರೆದಿತ್ತು, ನಾನು ಕೇಳಿಸಿಕೊಂಡೆ.

"ಮೇಡಂ, ಎಷ್ಟ ಸಲ ಮಾಡಿದ್ರೂ ಬಿಳಿ ಪದರ ಬರವಲ್ದರಿ. ನಂದೇ ಏನರ ತಪ್ಪಾಗಾಕತ್ತೈತೇನ್ರಿ?"

ಈಗ ಹೇಳುತ್ತಾಳೆ ಎಂದುಕೊಂಡೆ. ಎಲ್ಲ ಬಲ್ಲವಳು ಅವಳೊಬ್ಬಳೇ. ಗದರಿಸಲು ಸರ್ ಕೂಡ ಇಲ್ಲ. ತುಕ್ಕು ಹಿಡಿದ ಈ ಎದೆಯಲ್ಲೂ ಆಸೆ ಎದ್ದು ಕೂತಿತು.

"ನಿಂದೇನ ತಪ್ಪಿಲ್ಲ ತಗೋ," ಎಂದಳು ಅನ್ನಪೂರ್ಣಾ ಮೆಲ್ಲಗೆ. "ಈ ಮಷೀನನ ಸರಿ ಇಲ್ಲ ಕಾಣಸ್ತೈತಿ."

ನಿನ್ನೆ ಅದನ್ನೂ ತಂದು ನನ್ನ ಪಕ್ಕದಲ್ಲಿಟ್ಟರು. ಪಾಪ, ಮುಚ್ಚಳಕ್ಕೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಕೂಡ ಇನ್ನೂ ಕಿತ್ತಿಲ್ಲ. ತಾನೇನು ತಪ್ಪು ಮಾಡಿದೆ ಎಂದು ರಾತ್ರಿಯಿಂದ ಒಂದೇ ಸಮನೆ ಕೇಳುತ್ತಿದೆ. ಏನೆಂದು ಹೇಳಲಿ? ಸ್ವಲ್ಪ ಗೋಡೆಯ ಕಡೆ ಸರಿದುಕೋ ತಮ್ಮಾ, ಮೂರನೆಯದಕ್ಕೆ ಆಗಲೇ ಬೇಡಿಕೆ ಹೋಗಿದೆಯಂತೆ ಎಂದೆ.