ಬಲಕ್ಕೆ ಹೊರಳದ ಕೈ

ಎಂಜಿನ್ನಿನ ಸದ್ದು ಒಮ್ಮೆಲೇ ಬಿಗಿಯಿತು. ಅಂಗಳದಲ್ಲಿ ಕೂತಿದ್ದ ಹೆಂಗಸರು ಯಾರೂ ಅದನ್ನು ಗಮನಿಸಲಿಲ್ಲ. ಗಂಡನ ಹಣೆಯ ಮೇಲೆ ವಿಭೂತಿ ತಿದ್ದುತ್ತಿದ್ದ ಚನ್ನವ್ವ ಮಾತ್ರ ಕೈ ನಿಲ್ಲಿಸಿ ಹೊಲದ ಕಡೆ ಕಿವಿ ಕೊಟ್ಟಳು.

"ಸಿಕ್ಕೊಂತು," ಅಂದಳು.

"ಏನ್ ಸಿಕ್ಕೊಂತ ಅವ್ವಾ?" ಹುಪರಿಯಿಂದ ಬೆಳಗಿನ ಜಾವವೇ ಬಂದಿದ್ದ ಮಗಳು ದೀಪಾಲಿ ಕೇಳಿದಳು.

"ಜೆಸಿಬಿ ಕೈ. ಎಡಕ್ಕ ಹೋಗೇತಿ, ಹೊಳ್ಳಿ ಬರವಲ್ದು."

ಸಿದ್ರಾಮ ಗೋಡೆಗೆ ಒರಗಿ ಕೂತಿದ್ದ. ಕೂಡಿಸಿದ್ದರು ಎನ್ನಬೇಕು. ಕೊರಳಲ್ಲಿ ಲಿಂಗ, ಹೂವಿನ ಹಾರ, ತಲೆಗೆ ಹೊಸ ರುಮಾಲು. ಬದುಕಿದ್ದಾಗ ಇಷ್ಟು ಹೊತ್ತು ಒಂದೇ ಕಡೆ ಕೂತ ಮನುಷ್ಯನಲ್ಲ. ನಿನ್ನೆ ಸಂಜೆ ಚಹಾದ ಕಪ್ಪು ಕೆಳಗಿಟ್ಟು ಎದೆ ಹಿಡಿದುಕೊಂಡವನು ಗಡಹಿಂಗ್ಲಜದ ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟ. ಅವರಲ್ಲಿ ಸುಡುವುದಿಲ್ಲ, ಕೂತ ಭಂಗಿಯಲ್ಲೇ ಮಣ್ಣು ಕೊಡುತ್ತಾರೆ. ಹೊಲದ ಬದುವಿನ ಮೇಲೆ, ಅವನ ಅಪ್ಪನ ಗದ್ದುಗೆಯ ಪಕ್ಕದಲ್ಲಿ, ಅವನದೇ ಹಳೇ ಜೆಸಿಬಿ ಅವನಿಗೆ ಕುಣಿ ತೋಡುತ್ತಿತ್ತು. ಲಿವರು ಹಿಡಿದವನು ಮೈದುನನ ಮಗ ವಿಶಾಲ.

ಬೇರೆ ಹೊಸ ಗಾಡಿ ತರಿಸೋಣವೆಂದು ಮೈದುನ ಹಣಮಪ್ಪ ಹೇಳಿ ನೋಡಿದ್ದ. ಚನ್ನವ್ವ ಒಪ್ಪಿರಲಿಲ್ಲ. ಈಗ ಅದೇ ಹಣಮಪ್ಪ ಬೆವರು ಒರೆಸಿಕೊಳ್ಳುತ್ತ ಅಂಗಳಕ್ಕೆ ಬಂದ.

"ವೈನಿ, ನಾಕ ಮಂದಿ ಜಗ್ಗಿದ್ರೂ ಕೈ ಬಲಕ್ಕ ಹೊಳ್ಳವಲ್ದು. ಹಾರಿ ಹಚ್ಚಿ ತಿರುವಾಕತ್ತೇವಿ."

"ತುದಿ ಹಿಡದ ಜಗ್ಗಬ್ಯಾಡ್ರಿ. ನಡಕ ಮಡಚತೈತಲಾ, ಅಲ್ಲೆ ನೂಕ್ರಿ."

ಪಕ್ಕದ ಮನೆಯ ಬಾಳಕ್ಕ ಮೂಗು ಒರೆಸಿಕೊಂಡಳು. ಸತ್ತ ಮನೆಯಲ್ಲೂ ಇದ್ದದ್ದು ಇದ್ದಂತೆ ಹೇಳುವವಳು ಆಕೆ. "ಊರ ಮಂದಿ ಟ್ರ್ಯಾಕ್ಟರ್, ಮೋಟರ್ ಎಲ್ಲಾ ನೆಟ್ಟಗ ಮಾಡ್ತಿದ್ದ. ತನ್ನ ಗಾಡಿ ಒಂದ ರಿಪೇರಿ ಮಾಡಿಕೊಳ್ಳಾಕ ಏನ್ ಧಾಡಿ ಆಗಿತ್ತೋ ಈ ಪುಣ್ಯಾತ್ಮಗ!"

ಚನ್ನವ್ವ ವಿಭೂತಿಯ ಗಟ್ಟಿಯನ್ನು ಎಡಗೈಗೆ ಬದಲಿಸಿಕೊಂಡಳು. ಬಲ ಹೆಗಲು ಅದರ ಪಾಡಿಗೆ ನೋಯುತ್ತಿತ್ತು.

* * *

ಜೆಸಿಬಿಯ ಉದ್ದನೆಯ ಕೈಯನ್ನು ಎಡಕ್ಕೂ ಬಲಕ್ಕೂ ತಿರುಗಿಸಲು ಬುಡದಲ್ಲಿ ಎರಡು ಜ್ಯಾಕುಗಳಿರುತ್ತವೆ. ಸಿದ್ರಾಮನ ಗಾಡಿಯಲ್ಲಿ ಒಂದು ಜ್ಯಾಕಿನ ಒಳಗೆ ಸವೆದುಹೋಗಿತ್ತು. ಹೊಸ ಸೀಲು ಹಾಕಿದರೂ ಎಣ್ಣೆ ಸೋರುವುದು ನಿಲ್ಲಲಿಲ್ಲ. ಅಷ್ಟು ಹಳೆಯ ಗಾಡಿಯ ಜ್ಯಾಕು ಪೇಟೆಯಲ್ಲಿ ಸಿಗುತ್ತಲೂ ಇರಲಿಲ್ಲ. ಕೈ ಎಡಕ್ಕೆ ತಾನೇ ಓಡುತ್ತಿತ್ತು, ಬಲಕ್ಕೆ ಬರಬೇಕಾದರೆ ಮುನಿಸಿಕೊಂಡ ಎಮ್ಮೆಯ ಹಾಗೆ ನಿಂತುಬಿಡುತ್ತಿತ್ತು.

ಒಮ್ಮೆ ಪೈಪ್‌ಲೈನಿಗೆ ಉದ್ದನೆಯ ತಗ್ಗು ತೋಡುವಾಗ ಹಾಗೇ ನಿಂತಿತು. ಬುತ್ತಿ ತಂದಿದ್ದ ಚನ್ನವ್ವ ತಮಾಷೆಗೆಂದು ಅದರ ಮೊಣಕೈಗೆ ಹೆಗಲು ಕೊಟ್ಟು ನೂಕಿದಳು. ತಿರುಗಿತು! ಸಿದ್ರಾಮ ಸೀಟಿನ ಮೇಲೆ ಕುಣಿದಾಡಿದ. "ಏ ಚನ್ನೀ, ನೀ ಇದ್ರ ಈ ಎಣ್ಣಿ, ಪ್ರೆಶರ್ ಎಲ್ಲಾ ಯಾಕ ಬೇಕ!"

ಅಲ್ಲಿಂದ ಶುರುವಾಯಿತು ನೋಡಿ. ಬಾವಿ ಕೆಲಸವಿರಲಿ, ಮನೆಯ ಪಾಯವಿರಲಿ, ಸತ್ತವರ ಕುಣಿ ಇರಲಿ, ಗಾಡಿ ಹೋದಲ್ಲೆಲ್ಲ ಚನ್ನವ್ವ. ಅವನು ಮೇಲೆ, ಅವಳು ಕೆಳಗೆ. ಬಕೆಟ್ಟು ಮಣ್ಣು ಸುರಿದು ಬರುವಷ್ಟರಲ್ಲಿ ಊರಿನ ಸುದ್ದಿಯೆಲ್ಲ ಮುಗಿಯುತ್ತಿತ್ತು. ಎಂಜಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಮಾತಾಡಿ ಇಬ್ಬರ ದನಿಯೂ ದಪ್ಪವಾಗಿತ್ತು. ಅವಳ ಸೀರೆಗಳಿಗೆಲ್ಲ ಬಲ ಹೆಗಲ ಮೇಲೆ ಎಣ್ಣೆಯ ಕಲೆ. ಸೀಮೆಎಣ್ಣೆ ಹಚ್ಚಿ ತಿಕ್ಕಿದರೂ ಹೋಗದು. ಮದುವೆಗೆ ಹೋದರೆ ಕಲೆ ಮುಚ್ಚುವಂತೆ ಸೆರಗು ಹೊದೆಯಬೇಕು.

ಬರಬರುತ್ತ ಹೆಗಲು ಹಿಡಿದುಕೊಂಡಿತು. ಇಚಲಕರಂಜಿಯಲ್ಲಿ ಲೇಥ್ ಅಂಗಡಿ ಇಟ್ಟಿರುವ ಬಾಳಗೊಂಡ, ಹಳೇ ಟಿಪ್ಪರಿನ ಜ್ಯಾಕು ಕತ್ತರಿಸಿ ಬೆಸೆದು ಈ ಗಾಡಿಗೆ ಕೂಡುವಂತೆ ಮಾಡಿಕೊಡುತ್ತಾನೆಂದು ಸಿದ್ರಾಮ ಹೇಳಿದ. ಹೋದ, ಬಂದ, ಮತ್ತೆ ಹೋದ. ಪ್ರತಿ ಸಲವೂ ಬರಿಗೈ. "ಇನ್ನೂ ಆಗಿಲ್ಲಂತ." ಮುಖ ಕಾಣದ ಆ ಬಾಳಗೊಂಡನಿಗೆ ಚನ್ನವ್ವ ಹಾಕದ ಶಾಪವಿಲ್ಲ.

ನಿನ್ನೆ ಮಧ್ಯಾಹ್ನ ಬುತ್ತಿ ಬಿಚ್ಚಲು ಹೋದರೆ ಕೈ ಮೇಲೇಳಲಿಲ್ಲ. ಆಗ ಬಾಯಿ ಬಿಟ್ಟಳು.

"ನಾ ಏನ್ ನಿಮ್ಮ ಎತ್ತೇನ್ರಿ? ನಾಳಿಂದ ನಾ ಹೆಗಲ ಕೊಡಾಂಗಿಲ್ಲ. ಬೇಕಾದ್ರ ಇನ್ನೊಂದ ಎತ್ತ ತಂದ್ಕೋರಿ."

ಸಿದ್ರಾಮ ಎಂದಿನ ಹಾಗೆ ನಗಲಿಲ್ಲ. ಅವಳ ಹೆಗಲನ್ನೇ ಒಂದು ಗಳಿಗೆ ನೋಡಿದ. "ಬಿಡ, ನಾಳೆ ತರ್ತೀನಿ," ಅಂದು ಫೋನು ಹಿಡಿದುಕೊಂಡು ಬೇವಿನ ಗಿಡದ ಕಡೆ ಹೋದ. ಸಂಜೆ ಅವಳು ಮಾತಾಡದೆ ಚಹಾ ಕೊಟ್ಟಳು. ಇಷ್ಟು ವರ್ಷ ಕೂಗಿ ಮಾತಾಡಿದವರು ಕೊನೆಯ ಚಹಾ ಮಾತಿಲ್ಲದೆ ಕುಡಿದರು. ರಾತ್ರಿಯಿಂದ ಅವಳನ್ನು ಕಾಡುತ್ತಿದ್ದದ್ದು ಅದೇ. ತಾನು ಅವನಿಗೆ ನಿಜವಾಗಿಯೂ ಎತ್ತೇ ಆಗಿದ್ದೆನೋ ಏನೋ, ಕೇಳೋಣವೆಂದರೆ ಇನ್ನು ಯಾರನ್ನು ಕೇಳಬೇಕು?

* * *

ಕುಣಿ ಮುಗಿಯುವ ಹೊತ್ತಿಗೆ ಬಾಗಿಲ ಮುಂದೆ ಒಂದು ಪಿಕಪ್ ನಿಂತಿತು. ಬಿಳಿ ಟೋಪಿಯ ಮುದುಕನೊಬ್ಬ ಇಳಿದು, ಹಿಂದೆ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಭಾರದ ವಸ್ತುವನ್ನು ಇಬ್ಬರ ಕೈಲಿ ಇಳಿಸಿ, ಸಿದ್ರಾಮನಿಗೆ ಕೈಮುಗಿದ.

"ಅಕ್ಕಾರ, ನಾ ಇಚಲಕರಂಜಿ ಬಾಳಗೊಂಡ. ಸುದ್ದಿ ಕೇಳಿ ಕೈಕಾಲ ಆಡಲಿಲ್ಲ ನೋಡ್ರಿ. ಇದು ಸಿದ್ರಾಮಂದು, ತಂದೇನಿ."

ಗೋಣಿ ಸರಿಸಿದರೆ ಜ್ಯಾಕು. ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಚನ್ನವ್ವ ಎದ್ದೇ ಬಿಟ್ಟಳು. "ಈಗ ತಂದ್ರೇನು? ಅವರ ಹೋದ ಮ್ಯಾಲ? ಎಷ್ಟ ಸಲ ಅಡ್ಡಾಡ್ಸಿದ್ರಿ ಅವರನ್ನ! ನನ್ನ ಹೆಗಲ ಮುರದ ಹೋತು ನಿಮ್ಮಿಂದ!"

ಮುದುಕ ಪೆಚ್ಚಾದ. ದೀಪಾಲಿ ತಾಯಿಯ ತೋಳು ಹಿಡಿದಳು.

"ಅಡ್ಡಾಡ್ಸಿದ್ನಾ? ನಾನಾ?" ಬಾಳಗೊಂಡ ಹೊಸ್ತಿಲ ಮೇಲೆ ಕೂತ. "ಅಕ್ಕಾರ, ಇದು ಹ್ವಾದ ದೀಪಾವಳಿ ಮುಂದನ ತಯಾರಾಗೇತಿ. ಅಂವ ಬರಾಂವ, ಚಾ ಕುಡ್ಯಾಂವ, ಜ್ಯಾಕ ಒರಸಿ ಎಣ್ಣಿ ಹಚ್ಚಾಂವ, 'ರಾಹೂ ದೇ, ಇಲ್ಲೇ ಇರ್ಲಿ' ಅಂತ ಇಟ್ಟ ಹೋಗಾಂವ. ಯಾಕೋ ಮಾರಾಯಾ, ಒಯ್ಯೋ ಅಂದ್ರ ಏನಂತಿದ್ದ ಗೊತ್ತೈತ್ರಿ? 'ಇದನ್ನ ಹಾಕಿದ್ರ ನಮ್ಮಾಕಿ ಮನ್ಯಾಗ ಕುಂಡ್ರತಾಳ. ದಿನಾ ಹೊಲದಾಗ ನಾ ಯಾರ ಕೂಡ ಮಾತಾಡ್ಲಿ?' ಅಂತ."

ಬಾಳಕ್ಕ ಅಳುವುದನ್ನು ಬಿಟ್ಟು ಬಾಯಿ ತೆರೆದು ಕೂತಳು.

"ನಿನ್ನಿ ಮಧ್ಯಾಹ್ನ ಫೋನ್ ಮಾಡಿದ್ದ," ಬಾಳಗೊಂಡನ ದನಿ ಇಳಿಯಿತು. "'ನಾಳೆ ಬಂದ ಒಯ್ತೀನಿ. ಆಕಿ ಹೆಗಲ ಭಾಳ ನೋಯಾಕತ್ತೇತಿ, ನಂದ ತಪ್ಪಾತು, ಸಾಕ ಇನ್ನ' ಅಂದ. ಅದಕ್ಕ ತಂದೆ."

ಚನ್ನವ್ವ ಗಂಡನ ಮುಂದೆ ಕುಸಿದು ಕೂತಳು. ಸಿಟ್ಟು ಬಂತು, ನಗು ಬಂತು, ಯಾವುದನ್ನು ಮೊದಲು ಹೊರಗೆ ಬಿಡಬೇಕೆಂದು ತಿಳಿಯದೆ ಎರಡೂ ಕಣ್ಣೀರಾಗಿ ಬಂದವು. ಎಂಜಿನ್ನು ನಿಂತಿದ್ದರೂ ಹೊಲದಲ್ಲಿ ಕೂಗುವಷ್ಟೇ ದೊಡ್ಡ ದನಿಯಲ್ಲಿ ಬೈದಳು.

"ಬಾಯಿ ಬಿಟ್ಟ ಹೇಳಾಕ ಏನಾಗಿತ್ತ ನಿಮಗ? ಖೊಟ್ಟಿ ಮನಷ್ಯಾ! ಜ್ಯಾಕ ಹಾಕಿದ್ರೂ ನಾ ಬರ್ತಿದ್ನೆಲ್ರಿ!"

* * *

ಅಯ್ಯನವರು ಮಂತ್ರ ಹೇಳಿ ಮುಗಿಸಿದರು. ಸಿದ್ರಾಮನನ್ನು ಕುಣಿಯ ಗೂಡಿನಲ್ಲಿ ಕೂಡಿಸಿ, ಬಿಲ್ವಪತ್ರೆ, ವಿಭೂತಿ ಹಾಕಿ, ಬಂದವರೆಲ್ಲ ಹಿಡಿ ಹಿಡಿ ಮಣ್ಣು ಕೊಟ್ಟರು. ಟೋಪಿ ತೆಗೆದು ಬಾಳಗೊಂಡನೂ ಕೊಟ್ಟ. ಮುಖ ಮುಚ್ಚಿತು. ಇನ್ನು ಎಡಕ್ಕಿದ್ದ ಗುಡ್ಡೆಯಷ್ಟು ಮಣ್ಣನ್ನು ಒಳಗೆ ಸುರಿಯಬೇಕು.

ವಿಶಾಲ ಬಕೆಟ್ಟು ತುಂಬಿದ. ತುಂಬಿದ ಕೈ ಬಲಕ್ಕೆ ಸ್ವಲ್ಪ ಬಂದು ನಿಂತುಬಿಟ್ಟಿತು. ಗಂಡಸರು ಜೋತುಬಿದ್ದು ಜಗ್ಗಿದರು. ಎಣ್ಣೆ ತೊಟ್ಟಿಕ್ಕಿತೇ ಹೊರತು ಕೈ ಕದಲಲಿಲ್ಲ.

"ಎರಡ ಪಿನ್, ಎರಡ ಪೈಪ್, ಅಷ್ಟ," ಬಾಳಗೊಂಡ ನಟ್ಟು ಬಿಚ್ಚುವ ಪಾನಾ ಹಿಡಿದುಕೊಂಡು ಮುಂದೆ ಬಂದ. "ನೀವ ಹೂಂ ಅನ್ರಿ, ಈಗ ಕೂಡಿಸಿ ಕೊಡ್ತೀನಿ."

ಹೆಂಗಸರ ಗುಂಪಿನಿಂದ ಚನ್ನವ್ವ ಎದ್ದು ಬಂದಳು.

"ನಾಳೆ ಕೂಡಸ್ರಿ ಅಣ್ಣಾರ. ಇವತ್ತ ನಾ ಅದೇನಿ."

"ವೈನಿ, ಹೆಣಮಕ್ಕಳ ಕುಣಿ ಹಂತ್ಯಾಕ ಬರಬಾರ್ದು," ಹಣಮಪ್ಪ ಅಡ್ಡ ನಿಂತ.

"ಅವರ ಕೂಡ ಊರ ಮಂದಿ ಕುಣಿ ಎಲ್ಲಾ ತೋಡೇನಿ, ಹಣಮಪ್ಪಾ. ಅವಾಗ ಯಾರೂ ಬ್ಯಾಡ ಅನ್ನಲಿಲ್ಲ. ಅತ್ತಾಗ ಸರಿ."

ಹಣಮಪ್ಪ ಸರಿದ. ಅವಳು ಕಬ್ಬಿಣದ ಮೊಣಕೈಯ ಕೆಳಗೆ ತನ್ನ ಎಂದಿನ ಜಾಗದಲ್ಲಿ ನಿಂತು, ನೋಯುವ ಹೆಗಲನ್ನೇ ಅದಕ್ಕೆ ಆನಿಸಿದಳು.

"ವಿಶಾಲ, ರೇಸ್ ಇಳಸು. ನಾ ಹೂಂ ಅಂದ ಮ್ಯಾಲ ಲಿವರ್ ಎಳಿ."

"ಹೂಂ ದೊಡ್ಡವ್ವಾ."

ಸದ್ದು ತಗ್ಗಿತು. ಚನ್ನವ್ವ ಕಾಲೂರಿ ನೂಕಿದಳು. ಕೈ ನರಳಿತು, ಕದಲಿತು, ಆಮೇಲೆ ಮೆಲ್ಲಗೆ ಬಲಕ್ಕೆ ಹೊರಳಿ ಕುಣಿಯ ಮೇಲೆ ಬಂದು ನಿಂತಿತು. ಮಣ್ಣು ಸುರಿಯಿತು.

ಮಗಳು ಬೆಳಿಗ್ಗೆ ಉಡಿಸಿದ್ದ ಹೊಸ ಸೀರೆಯ ಬಲ ಹೆಗಲ ಮೇಲೆ ಎಣ್ಣೆಯ ಕಲೆ ಅಂಗೈಯಗಲ ಹರಡಿತ್ತು. ದೀಪಾಲಿ ಸೆರಗಿನ ತುದಿಯಿಂದ ಒರೆಸಲು ಬಂದಳು. ಚನ್ನವ್ವ ಹೆಗಲು ಸರಿಸಿಕೊಂಡು, ಕಲೆಯ ಮೇಲೆ ಕೈ ಮುಚ್ಚಿಟ್ಟುಕೊಂಡು, ಮೇಲಿನ ಸೀಟಿನ ಕಡೆ ನೋಡಿ ಕೂಗಿದಳು.

"ಹೂಂ, ಇನ್ನೊಂದ ಬಕೇಟ ತುಂಬ."