ಹಸಿರು ಶಾಯಿಯ ಸಹಿ

ಮೈಗೆ ಹದಿನೆಂಟು ರೂಪಾಯಿ, ನಿಬ್ಬಿಗೆ ಒಂಬತ್ತು, ಕ್ಯಾಪಿಗೆ ನಾಲ್ಕು, ಅಂಗಡಿಯವನ ಲಾಭ ಸೇರಿ ನನ್ನ ಬೆಲೆ ನಲವತ್ತು. ಹೊಟ್ಟೆಗೆ ತುಂಬುವ ಶಾಯಿ ನೀಲಿಯಾದರೂ ಹಸಿರಾದರೂ ಬೆಲೆ ಒಂದೇ. ದಿಲ್ಲಿಯ ಸಚಿವಾಲಯದಲ್ಲಿ ಮಾತ್ರ ಹಾಗಲ್ಲ.

ನಾನೊಂದು ಪೆನ್ನು. ಜಂಟಿ ಕಾರ್ಯದರ್ಶಿ ಬಕ್ಷಿಯವರ ಮೇಜು ಸೇರಿದ ದಿನವೇ ನನಗೆ ಹಸಿರು ಶಾಯಿ ಕುಡಿಸಿದರು. ಅಲ್ಲಿ ಕಡತ ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಶಾಖಾಧಿಕಾರಿ ಬರೆಯುತ್ತಾನೆ, ಅಧೀನ ಕಾರ್ಯದರ್ಶಿ ಓದಿ ಸಹಿ ಮಾಡುತ್ತಾನೆ, ಆಮೇಲೆ ಉಪ ಕಾರ್ಯದರ್ಶಿ. ಇವರಿಗೆಲ್ಲ ನೀಲಿ, ಇಲ್ಲವೆ ಕಪ್ಪು. ಜಂಟಿ ಕಾರ್ಯದರ್ಶಿ ಮತ್ತು ಅವರ ಮೇಲಿನವರಿಗೆ ಮಾತ್ರ ಹಸಿರು. ನನ್ನ ಬಣ್ಣ ಕಂಡರೆ ಕೆಳಗಿನವರು ಕುರ್ಚಿ ಬಿಟ್ಟು ಏಳುತ್ತಿದ್ದರು. ಬಕ್ಷಿಯವರೂ ಹಾಗೆಯೇ ಏಳುತ್ತಿದ್ದರು, ಮಂತ್ರಿಗಳ ಕೋಣೆಯಿಂದ ಕರೆ ಬಂದಾಗ. ಹೆದರದವರನ್ನು ನಾನು ಆ ಕಟ್ಟಡದಲ್ಲಿ ಕಂಡಿಲ್ಲ.

ಒಂದು ಮಳೆಗಾಲ, ದೂರದ ಜಿಲ್ಲೆಯೊಂದರಲ್ಲಿ ನದಿಯ ಒಡ್ಡು ಒಡೆಯಿತು. ದೋಣಿ ಕಳಿಸುವ ಆದೇಶ ನಮ್ಮ ಮೇಜಿನ ಮೇಲಿತ್ತು. ಬಕ್ಷಿಯವರು ವಿಮಾನದಲ್ಲಿದ್ದರು. ಅವರಿಲ್ಲದಾಗ ಉಪ ಕಾರ್ಯದರ್ಶಿ ಸಂಗಮೇಶ ಕರಡಿ ಸಹಿ ಮಾಡಬಹುದಿತ್ತು, ಆದರೆ ಬಡ್ತಿಯ ಹೊಸ್ತಿಲಲ್ಲಿದ್ದ ಅವರು ಬೆಳಿಗ್ಗೆಯಿಂದ ಹೆದರಿ ಸಹಿ ಮುಂದೂಡುತ್ತಿದ್ದರು.

ಬಕ್ಷಿಯವರ ಫೋನು ಹೊಡೆದುಕೊಂಡಿತು. ಕರಡಿಯವರು ಓಡಿ ಬಂದು ಎತ್ತಿದರು. ಜಿಲ್ಲಾಧಿಕಾರಿಯ ದನಿ: ಶಾಲೆಯ ಮಾಳಿಗೆ ಮೇಲೆ ಇಡೀ ಊರು ನಿಂತಿದೆ, ನೀರು ಏರುತ್ತಿದೆ. ಫೋನಿಟ್ಟ ಕೈ, ಸಿಕ್ಕ ಪೆನ್ನು ಹಿಡಿದು ಸರ್ರನೆ ಸಹಿ ಹಾಕಿತು. ಸಿಕ್ಕಿದ್ದು ನಾನು.

ಆಪ್ತ ಸಹಾಯಕಿ ಇಂದುಮತಿ ಬಾಗಿಲಲ್ಲೇ ನಿಂತರು. ಇಬ್ಬರೂ ಧಾರವಾಡದ ಕಡೆಯವರು.

"ಸರ್, ಏನ್ ಮಾಡಿದ್ರಿ! ಹಸಿರು!"

ಕರಡಿಯವರು ಮೊದಲು ಸಹಿಯನ್ನು ನೋಡಿದರು, ಆಮೇಲೆ ನನ್ನನ್ನು.

"ಹೊಡದು ಹಾಕಿ ನೀಲಿಲೇ ಮಾಡಲೇನ್ರೀ?"

"ಹೊಡದು ಹಾಕಿದ ಆದೇಶ ಯಾರು ನಂಬತಾರ್ರೀ? ಹೊಸದು ಟೈಪ್ ಮಾಡಿದ್ರ ಕೆಳಗಿನವರ ಸಹಿ ಮತ್ತ ಬೇಕು. ಅಧೀನ ಕಾರ್ಯದರ್ಶಿ ಸಂಸತ್ತಿಗೆ ಹೋಗ್ಯಾರ. ಸಂಜಿ ತನಕ ಬರಂಗಿಲ್ಲ."

"ಸಂಜಿ ತನಕ ನೀರು ಕಾಯ್ತದೇನು?"

ಕರಡಿಯವರು ಕಡತ ಮುಚ್ಚಿ ಇಂದುಮತಿಯ ಕೈಗಿಟ್ಟರು.

"ಹಿಂಗ ಕಳಸ್ರಿ."

"ದೋಣಿ ಜೋಡಿ ನಿಮ್ಮ ಬಡ್ತಿನೂ ತೇಲಿ ಹೋಗ್ತದ, ಸರ್."

"ಹೋಗ್ಲಿ ಬಿಡ್ರಿ. ನನಗ ಈಜು ಬರ್ತದ." ನಕ್ಕರು, ಆದರೆ ನನ್ನ ಕ್ಯಾಪು ಹಾಕುವುದನ್ನೇ ಮರೆತರು.

ಮರುದಿನ ಬಕ್ಷಿಯವರು ಕಡತ ತೆರೆದು ಆ ಸಹಿಯನ್ನು ನೋಡಿದರು. ನನ್ನನ್ನು ಎರಡು ಬೆರಳಲ್ಲಿ ಎತ್ತಿ, "ಇಷ್ಟೊಂದು ಆಸೆ ಇದ್ದರೆ ನೀವೇ ಇಟ್ಟುಕೊಳ್ಳಿ" ಎಂದು ಕರಡಿಯವರ ಮುಂದೆ ಒಗೆದರು. ತನಗಿಲ್ಲದ ಅಂತಸ್ತನ್ನು ತೋರಿಸಿದ ಅಧಿಕಾರಿ ಎಂಬ ಟಿಪ್ಪಣಿ ಮೇಲಕ್ಕೆ ಹೋಯಿತು. ಮುಂದಿನ ತಿಂಗಳು ಕರಡಿಯವರನ್ನು ಹಳೆಯ ದಾಖಲೆಗಳ ವಿಭಾಗಕ್ಕೆ ಕಳಿಸಿದರು. ಅಲ್ಲಿಂದಲೇ ನಿವೃತ್ತರಾದರು.

ಈಗ ನಾನು ಅವರ ಮನೆಯ ಕಿಟಕಿಯ ಕಟ್ಟೆಯ ಮೇಲೆ, ಮುರಿದ ಕನ್ನಡಕದ ಪಕ್ಕ ಬಿದ್ದಿದ್ದೇನೆ. ನಿಬ್ಬು ಸವೆದಿದೆ, ಶಾಯಿ ಒಣಗಿದೆ. ಬಾಗಿಲು ಬಡಿದರೆ ಕರಡಿಯವರು ಇವತ್ತಿಗೂ ಬೆಚ್ಚುತ್ತಾರೆ.

ಅವರಿಗೆ ಬಡ್ತಿ ಸಿಗಲಿಲ್ಲ. ಮಾಳಿಗೆ ಮೇಲಿದ್ದವರು ಎಲ್ಲರೂ ಬದುಕಿದರು.